ಬೆಳೆಯುವ ಮೆದುಳು, ಗಿರಿಯ ಸೀಮೆಯ ಉಪ್ಪು: ಏಳು ಸಾಲಿಗೆ ವ್ಯಾಖ್ಯಾನ

ಬಾಬಾಬುಡನ್‌ಗಿರಿಯ ಸುತ್ತಲಿನ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯನ್ನು ಕಾಫಿಯ ನಾಡೆಂದು ಎಲ್ಲರೂ ಬಲ್ಲರು. ಆರೋಗ್ಯ ಇಲಾಖೆಯ ಕಡತದಲ್ಲಿ ಈ ಜಿಲ್ಲೆಗೆ ಇನ್ನೊಂದು ಗುರುತೂ ಇದೆ. ಅಯೋಡಿನ್ ಸಾಲದೆ ಕೊರಳು ಊದಿಕೊಳ್ಳುವ ಗಳಗಂಡ ರೋಗ ಕರ್ನಾಟಕದಲ್ಲಿ ಬೇರೂರಿದ್ದ ಜಿಲ್ಲೆಗಳಲ್ಲಿ ಚಿಕ್ಕಮಗಳೂರೂ ಒಂದು. ಕೊರಳಿನ ಗಂಟು ಕಣ್ಣಿಗೆ ಕಾಣುತ್ತದೆ. ಅದೇ ಕೊರತೆ ಬಸುರಿಯ ಹೊಟ್ಟೆಯಲ್ಲಿರುವ ಕೂಸಿನ ಮೆದುಳಿನಲ್ಲಿ ಪ್ರೋಟೀನುಗಳ ಲೆಕ್ಕ ತಪ್ಪಿಸುವುದು ಯಾರ ಕಣ್ಣಿಗೂ ಕಾಣುವುದಿಲ್ಲ. ಆ ಲೆಕ್ಕ ಏನು, ಅದು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ, ಮಲೆನಾಡಿನ ಅಡುಗೆಮನೆಯ ಉಪ್ಪಿಗೂ ಅದಕ್ಕೂ ಏನು ಸಂಬಂಧ ಎಂಬುದನ್ನು ಏಳು ಸಾಲಿನಲ್ಲಿ ಬರೆದು ಒಂದೊಂದಾಗಿ ಬಿಡಿಸುತ್ತಿದ್ದೇನೆ. ಸಾಲುಗಳೂ ನನ್ನವು, ವ್ಯಾಖ್ಯಾನವೂ ನನ್ನದು. ಒಳಗಿನ ತಿಳಿವಳಿಕೆ ಮಾತ್ರ ಅನೇಕ ಪ್ರಯೋಗಶಾಲೆಗಳ ದಶಕಗಳ ದುಡಿಮೆ.

೧. ವಂಶವಾಹಿ ಒಂದೇ, ಪ್ರೋಟೀನಿನ ಅಳತೆ ದಿನದಿನಕ್ಕೂ ಬೇರೆ.

ನಮ್ಮ ಜೀವಕೋಶಗಳಲ್ಲಿ ಪ್ರೋಟೀನಿಗೆ ಮಾದರಿಯಾಗುವ ವಂಶವಾಹಿಗಳು ಸುಮಾರು 20,000. ಮೂರು ತಿಂಗಳ ಭ್ರೂಣದ ನರಕೋಶದಲ್ಲೂ ಎಪ್ಪತ್ತು ದಾಟಿದವರ ನರಕೋಶದಲ್ಲೂ ಇರುವುದು ಅವೇ. ಬದಲಾಗುವುದು ಯಾವ ಪ್ರೋಟೀನು ಯಾವ ಹೊತ್ತಿನಲ್ಲಿ ಎಷ್ಟಿದೆ ಎಂಬುದು. ಮೆದುಳು ಬೆಳೆಯುವುದೆಂದರೆ ಬಹುಪಾಲು ಈ ಪ್ರಮಾಣಗಳು ಸರಿಯಾದ ಹೊತ್ತಿಗೆ ಬದಲಾಗುತ್ತಾ ಹೋಗುವುದು.

ಇಲ್ಲಿ ಒಂದು ಆಕ್ಷೇಪ ಬರಬಹುದು. ವಂಶವಾಹಿಯಿಂದ ಪ್ರೋಟೀನಿಗೆ ಸುದ್ದಿ ಒಯ್ಯುವ ಆರ್‌ಎನ್‌ಎಯನ್ನು ಅಳೆಯುವುದು ಸುಲಭ. ಅದನ್ನೇ ಅಳೆದರೆ ಪ್ರೋಟೀನೂ ಅಷ್ಟೇ ಇರುತ್ತದೆಂದು ಹೇಳಬಾರದೇಕೆ? ಹೇಳಲಾಗದು. ಒಂದು ಪ್ರೋಟೀನು ಎಷ್ಟಿದೆ ಎಂಬುದು ಅದು ತಯಾರಾಗುವ ವೇಗವನ್ನೂ ಅವಲಂಬಿಸಿದೆ, ಒಡೆದುಹೋಗುವ ವೇಗವನ್ನೂ ಅವಲಂಬಿಸಿದೆ. ಕೆಲವು ಪ್ರೋಟೀನುಗಳ ಆಯುಷ್ಯ ಕೆಲವೇ ಗಂಟೆ. ನರಕೋಶದ ನಡುಬೀಜದ (ನ್ಯೂಕ್ಲಿಯಸ್) ಬಾಗಿಲಲ್ಲಿರುವ ಕೆಲವು ಪ್ರೋಟೀನುಗಳಂತೂ ಇಲಿಯ ಮೆದುಳಿನಲ್ಲಿ ವರ್ಷ ಕಳೆದರೂ ಬದಲಾಗದೆ ಉಳಿದದ್ದು ಕಂಡುಬಂದಿದೆ. ಒಡೆಯುವ ಕೆಲಸ ಕೆಟ್ಟರೂ ಮೆದುಳು ಕೆಡುತ್ತದೆ. ಬೇರೆ ಪ್ರೋಟೀನುಗಳಿಗೆ 'ಇದನ್ನು ಒಡೆಯಬೇಕು' ಎಂದು ಗುರುತು ಹಚ್ಚುವ ಯುಬಿಇ3ಎ ಎಂಬುದು ಇಲ್ಲದ ಮಕ್ಕಳಲ್ಲಿ ಮಾತು ಬಾರದ, ಫಿಟ್ಸ್ ಕಾಡುವ ಏಂಜೆಲ್ಮನ್ ಸಿಂಡ್ರೋಮ್ ಕಾಣಿಸಿಕೊಳ್ಳುತ್ತದೆ.

2017ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಹಸುಳೆಯಿಂದ ಪ್ರಾಯಸ್ಥರವರೆಗೆ, ತೀರಿಕೊಂಡವರ ಮೆದುಳಿನ ಏಳು ಭಾಗಗಳಲ್ಲಿ ಪ್ರೋಟೀನುಗಳನ್ನು ಮಾಸ್ ಸ್ಪೆಕ್ಟ್ರೋಮೀಟರಿನಿಂದ ಅಳೆದು ಪ್ರಕಟಿಸಿದರು. ಅದೇ ಮೆದುಳುಗಳ ಆರ್‌ಎನ್‌ಎ ಲೆಕ್ಕ ಮೊದಲೇ ಇತ್ತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ, ಮೆದುಳಿನ ಒಂದು ಭಾಗಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಆರ್‌ಎನ್‌ಎಯಲ್ಲಿ ಕಂಡದ್ದಕ್ಕಿಂತ ಪ್ರೋಟೀನಿನಲ್ಲಿ ಹೆಚ್ಚಾಗಿತ್ತು. ಕೋಶದ ಹೊರಪೊರೆಯಲ್ಲಿರುವ, ಸಂಕೇತ ಹಿಡಿಯುವ ಪ್ರೋಟೀನುಗಳಲ್ಲಿ ಕೆಲವು ವ್ಯತ್ಯಾಸಗಳು ಆರ್‌ಎನ್‌ಎಯಲ್ಲಿ ಸರಿಯಾಗಿ ಕಂಡೇ ಇರಲಿಲ್ಲ.

ಮನುಷ್ಯರ ಮೆದುಳಿನ ಮೇಲೆ ಇಂಥ ಕೆಲಸ ನಡೆಯುವುದು ದುಃಖದ ಹೊತ್ತಿನಲ್ಲಿ ಮನೆಯವರು ಒಪ್ಪಿಗೆ ಕೊಟ್ಟಾಗ ಮಾತ್ರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಅಂಗಾಂಶ ಭಂಡಾರವೊಂದು ನಡೆಯುತ್ತಿದೆ. ಹೀಗೆ ಒಪ್ಪಿದ ಕುಟುಂಬಗಳ ಋಣವನ್ನು ಈ ವಿಷಯ ಬರೆಯುವ ಯಾರೇ ಆಗಲಿ ನೆನೆಯಬೇಕು.

೨. ಮೊದಲು ಬಂದವು ಇಳಿಯುತ್ತವೆ. ಆ ಜಾಗಕ್ಕೆ ಬೇರೆಯವು ಏರುತ್ತವೆ.

ನರಕೋಶ ಇನ್ನೂ ಹುಟ್ಟದೆ ಮೂಲಕೋಶವಾಗಿ ಒಡೆದು ಒಡೆದು ಹೆಚ್ಚುತ್ತಿರುವಾಗ ಅದರಲ್ಲಿ ತುಂಬಿರುವುದು ನೆಸ್ಟಿನ್ ಎಂಬ ಪ್ರೋಟೀನು. ಕೋಶ ಒಡೆಯುವುದನ್ನು ನಿಲ್ಲಿಸಿ, ಹುಟ್ಟಿದ ಜಾಗ ಬಿಟ್ಟು ತನ್ನ ಪದರ ಹುಡುಕುತ್ತ ಹೊರಟಾಗ ನೆಸ್ಟಿನ್ ಇಳಿದು ಡಬಲ್‌ಕಾರ್ಟಿನ್ ಏರುತ್ತದೆ. ಕೋಶ ತನ್ನ ಪದರ ಸೇರಿದ ಮೇಲೆ ಡಬಲ್‌ಕಾರ್ಟಿನ್ ಕೂಡ ಇಳಿಯುತ್ತದೆ. ಈ ನಡುವಿನ ಪ್ರೋಟೀನು ಎಷ್ಟು ಮುಖ್ಯ ಎಂಬುದು 1998ರಲ್ಲಿ ಗೊತ್ತಾಯಿತು. ಅದರ ವಂಶವಾಹಿ ಕೆಟ್ಟ ಗಂಡುಮಕ್ಕಳ ಮೆದುಳು ಸುಕ್ಕು ಮೂಡದೆ ನುಣುಪಾಗಿ ಉಳಿಯುತ್ತದೆ. ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಕೋಶಗಳು ದಾರಿಯ ನಡುವೆಯೇ ನಿಂತು, ಮೆದುಳಿನ ಹೊರಪದರವಾದ ತೊಗಟೆಯ ಕೆಳಗೆ ಇನ್ನೊಂದು ಪದರವೇ ಆಗಿಬಿಡುತ್ತದೆ.

ಆಮೇಲೆ ಕೋಶ ತನ್ನ ಉದ್ದನೆಯ ಎಳೆಯನ್ನು ಚಾಚುತ್ತದೆ. ಆ ಎಳೆಯ ತುದಿಯಲ್ಲಿ ಗ್ಯಾಪ್-43 ಹೇರಳವಾಗಿರುತ್ತದೆ. ಎಳೆ ಇನ್ನೊಂದು ಕೋಶವನ್ನು ಮುಟ್ಟಿ ಸಂಧಿ ಕಟ್ಟಿದ ಮೇಲೆ ಅದು ಬಹುತೇಕ ಕಡೆ ತಗ್ಗುತ್ತದೆ, ಸಂಧಿಯ ಪ್ರೋಟೀನುಗಳಾದ ಸಿನಾಪ್ಟೊಫೈಸಿನ್, ಪಿಎಸ್‌ಡಿ-95 ಏರುತ್ತವೆ. ಕೊನೆಗೆ ಎಳೆಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತಿಕೊಳ್ಳುವ ಕಾಲ ಬರುತ್ತದೆ, ಆಗ ಮಯಲಿನ್ ಬೇಸಿಕ್ ಪ್ರೋಟೀನು ಏರುತ್ತದೆ. ಇದನ್ನು ಮುಂದೆ ಎಂಬಿಪಿ ಎನ್ನುತ್ತೇನೆ, ನಾಲ್ಕನೆಯ ಸಾಲಿನಲ್ಲಿ ಇದೇ ಮುಖ್ಯ.

'ಸಸ್ತನಿಗಳ ಮೆದುಳು' ಎಂದು ಒಟ್ಟಾಗಿ ಹೇಳಿದರೂ ಪಂಚಾಂಗ ಎಲ್ಲಕ್ಕೂ ಒಂದಲ್ಲ. ಇಲಿಮರಿ ಕಣ್ಣು ತೆರೆಯದೆ, ಮೆದುಳು ತೀರ ಎಳೆಯದಾಗಿರುವಾಗಲೇ ಹುಟ್ಟುತ್ತದೆ. ಮೆದುಳಿನ ಭರದ ಬೆಳವಣಿಗೆ ಅದಕ್ಕೆ ಹುಟ್ಟಿದ ಮೇಲಿನ ಮೊದಲ ಮೂರು ವಾರದಲ್ಲಿ. ಮನುಷ್ಯನ ಕೂಸಿಗೆ ಆ ಕಾಲ ಬಸುರಿನ ಕೊನೆಯ ತಿಂಗಳುಗಳಲ್ಲಿ ಶುರುವಾಗಿ ಹುಟ್ಟಿದ ಮೇಲೆ ಸುಮಾರು ಎರಡು ವರ್ಷದವರೆಗೆ ಚಾಚಿಕೊಂಡಿದೆ. ಇಲಿಯಲ್ಲಿ ಎಂಬಿಪಿ ಏರಲು ಒಂದು ವಾರ ಕಳೆಯಬೇಕು. ಮನುಷ್ಯರಲ್ಲಿ ಮಯಲಿನ್ ಸುತ್ತುವ ಕೆಲಸ ಹುಟ್ಟುವ ಮೊದಲೇ ತೊಡಗಿ ಇಪ್ಪತ್ತರ ಹರೆಯದವರೆಗೂ ಮುಂದುವರಿಯುತ್ತದೆ. ಆದ್ದರಿಂದ ಇಲಿಯ 'ಹತ್ತನೆಯ ದಿನ' ಎಂದು ಓದಿದಾಗ ಅದನ್ನು ಹತ್ತು ದಿನದ ಹಸುಗೂಸೆಂದು ಎಣಿಸಬಾರದು. ಪತ್ರಿಕೆಗಳ ವಿಜ್ಞಾನ ಸುದ್ದಿಯಲ್ಲಿ ಈ ಗೊಂದಲ ಪದೇ ಪದೇ ಕಾಣುತ್ತದೆ, ಅದು ಓದುಗರನ್ನು ನಿಜಕ್ಕೂ ದಾರಿ ತಪ್ಪಿಸುತ್ತದೆ.

೩. ಅದೇ ರಾಸಾಯನಿಕ ಮೊದಲು ಎಬ್ಬಿಸುತ್ತದೆ, ಆಮೇಲೆ ತಡೆಯುತ್ತದೆ.

ದೊಡ್ಡವರ ಮೆದುಳಿನಲ್ಲಿ ಗ್ಯಾಬಾ ಎಂಬ ರಾಸಾಯನಿಕ ನರಕೋಶವನ್ನು ಸುಮ್ಮನಿರಿಸುತ್ತದೆ. ಎಳೆಯ ಮೆದುಳಿನಲ್ಲಿ ಅದೇ ಗ್ಯಾಬಾ ನರಕೋಶವನ್ನು ಕೆರಳಿಸುತ್ತದೆ. ರಾಸಾಯನಿಕ ಬದಲಾಗಿಲ್ಲ, ಬದಲಾಗಿರುವುದು ಎರಡು ಪ್ರೋಟೀನುಗಳ ಪ್ರಮಾಣ. ಎಳೆಯ ನರಕೋಶದಲ್ಲಿ ಕ್ಲೋರೈಡನ್ನು ಒಳಗೆ ತುಂಬಿಸುವ ಎನ್‌ಕೆಸಿಸಿ1 ಹೆಚ್ಚು, ಹೊರಗೆ ಹಾಕುವ ಕೆಸಿಸಿ2 ಕಡಿಮೆ. ಒಳಗೆ ಕ್ಲೋರೈಡ್ ತುಂಬಿರುವುದರಿಂದ ಗ್ಯಾಬಾ ಬಾಗಿಲು ತೆರೆದೊಡನೆ ಅದು ಹೊರಕ್ಕೆ ಹರಿದು ಕೋಶ ಎಚ್ಚರಗೊಳ್ಳುತ್ತದೆ. ಕೆಸಿಸಿ2 ಏರಿದ ಮೇಲೆ ಒಳಗಿನ ಕ್ಲೋರೈಡ್ ತಗ್ಗುತ್ತದೆ, ಹರಿವಿನ ದಿಕ್ಕು ತಿರುಗುತ್ತದೆ, ಗ್ಯಾಬಾ ತಡೆಯಾಗುತ್ತದೆ. ಈ ತಿರುವಿಗೆ ಕೆಸಿಸಿ2 ಕಾರಣವೆಂದು 1999ರಲ್ಲಿ ಹೆಲ್ಸಿಂಕಿಯ ಸಂಶೋಧಕರು ತೋರಿಸಿಕೊಟ್ಟರು.

ಈ ತಿರುವು ಆಸ್ಪತ್ರೆಗೂ ಮುಖ್ಯ. ಹಸುಗೂಸಿನ ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟಾಲ್ ಗ್ಯಾಬಾದ ಕೆಲಸವನ್ನು ಹೆಚ್ಚಿಸುವ ಔಷಧಿ. ಕೆಸಿಸಿ2 ಇನ್ನೂ ಸಾಕಷ್ಟು ಏರದ ಮೆದುಳಿನಲ್ಲಿ ಅದು ದೊಡ್ಡವರಲ್ಲಿ ಹಿಡಿದಷ್ಟು ಹಿಡಿಯದಿರಲು ಇದೂ ಒಂದು ಕಾರಣವೆಂದು ವೈದ್ಯವಿಜ್ಞಾನ ಎಣಿಸುತ್ತದೆ. ಕಲಿಕೆಗೆ ಬೇಕಾದ ಎನ್‌ಎಂಡಿಎ ಗ್ರಾಹಕದಲ್ಲೂ ಇಂಥದೇ ಬದಲಾವಣೆ ಇದೆ: ಹುಟ್ಟುವಾಗ ಗ್ಲುಎನ್2ಬಿ ಎಂಬ ಭಾಗ ಹೆಚ್ಚು, ದಿನ ಕಳೆದಂತೆ ಗ್ಲುಎನ್2ಎ ಏರುತ್ತದೆ, ಗ್ರಾಹಕ ತೆರೆದಿರುವ ಹೊತ್ತು ಮೊಟಕಾಗುತ್ತದೆ. ಇಷ್ಟು ಸಾಕು, ಮುಂದಿನ ಸಾಲಿನಲ್ಲಿ ನಮ್ಮ ಸೀಮೆಯ ವಿಷಯ ಕಾಯುತ್ತಿದೆ.

೪. ಈ ಏರಿಳಿತಕ್ಕೆ ಅಪ್ಪಣೆ ಕೊರಳಿನಿಂದ. ಮೊದಲ ತಿಂಗಳುಗಳಲ್ಲಿ ತಾಯಿಯ ಕೊರಳಿನಿಂದ.

ಕೊರಳೆಂದರೆ ಇಲ್ಲಿ ಗಂಟಲ ಮುಂದಿರುವ ಥೈರಾಯ್ಡ್ ಗ್ರಂಥಿ. ಅದು ತಯಾರಿಸುವ ಹಾರ್ಮೋನು ಎರಡು. ಟಿ4ರಲ್ಲಿ ನಾಲ್ಕು ಅಯೋಡಿನ್ ಪರಮಾಣು, ಟಿ3ರಲ್ಲಿ ಮೂರು. ಅಯೋಡಿನ್ ಇಲ್ಲದೆ ಎರಡೂ ಇಲ್ಲ. ರಕ್ತದಿಂದ ಮೆದುಳಿಗೆ ಬಂದ ಟಿ4ರಿಂದ ಒಂದು ಅಯೋಡಿನ್ ತೆಗೆದು ಟಿ3 ಮಾಡುವ ಕಿಣ್ವ ಮೆದುಳಿನಲ್ಲೇ ಇದೆ. ಹಾಗೆ ಆದ ಟಿ3 ನರಕೋಶದ ನಡುಬೀಜಕ್ಕೆ ಹೋಗಿ, ಅಲ್ಲಿರುವ ಗ್ರಾಹಕವನ್ನು ಹಿಡಿದು, ಕೆಲವು ವಂಶವಾಹಿಗಳನ್ನು ತೆರೆಯುತ್ತದೆ, ಕೆಲವನ್ನು ಮುಚ್ಚುತ್ತದೆ.

ಎಂಬಿಪಿಯ ವಂಶವಾಹಿಯಲ್ಲಿ ಈ ಗ್ರಾಹಕ ಕೂರುವ ಜಾಗವೇ ಇದೆ. ಥೈರಾಯ್ಡ್ ಕುಂದಿದ ಇಲಿಮರಿಗಳಲ್ಲಿ ಎಂಬಿಪಿ ತಡವಾಗಿ ಏರುತ್ತದೆ, ಮಯಲಿನ್ ತೆಳುವಾಗುತ್ತದೆ. ಕಲಿಕೆಗೆ ಬೇಕಾದ ನ್ಯೂರೋಗ್ರಾನಿನ್ ಕೆಳಗಿಳಿಯುತ್ತದೆ. ಕೋಶಗಳನ್ನು ಪದರದಲ್ಲಿ ಜೋಡಿಸುವ ರೀಲಿನ್ ಕುಂದುತ್ತದೆ. ಕೋಲ್ಕತ್ತದ ಭಾರತೀಯ ರಾಸಾಯನಿಕ ಜೀವವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದಲ್ಲಿ ನಡೆದ ಕೆಲಸ ಇನ್ನೊಂದು ಪ್ರೋಟೀನನ್ನು ಹಿಡಿಯಿತು. ನರಕೋಶದ ಎಳೆಗೆ ಆಕಾರ ಕೊಡುವ ಟ್ಯುಬ್ಯುಲಿನ್ ಎಳೆಯ ಇಲಿಯ ಮೆದುಳಿನಲ್ಲಿ ಟಿ3 ಸಿಕ್ಕಾಗ ಹೆಚ್ಚು ತಯಾರಾಗುತ್ತದೆ. ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯವಿಜ್ಞಾನ ಸಂಸ್ಥೆಯ ತಂಡ 2003ರಲ್ಲಿ ಕಿರುಮೆದುಳನ್ನು ನೋಡಿತು. ಥೈರಾಯ್ಡ್ ಕೊರತೆಯಾದ ಮರಿಗಳಲ್ಲಿ, ಕೋಶ ಬದುಕಬೇಕೇ ಸಾಯಬೇಕೇ ಎಂದು ತೀರ್ಮಾನಿಸುವ ಬಿಸಿಎಲ್-2 ಕುಟುಂಬದ ಪ್ರೋಟೀನುಗಳ ತೂಕವೇ ತಪ್ಪಿ, ಉಳಿಯಬೇಕಾದ ಕೋಶಗಳು ಸಾಯುತ್ತಿದ್ದವು.

ಒಂದು ಹಾರ್ಮೋನಿನ ಕೊರತೆ ಒಂದು ಪ್ರೋಟೀನನ್ನು ಮಾತ್ರ ಕೆಡಿಸಿದ್ದರೆ ದಾರಿ ಹುಡುಕುವುದು ಸುಲಭವಿತ್ತು. ಇಲ್ಲಿ ವಲಸೆ, ಎಳೆ ಚಾಚುವುದು, ಸಂಧಿ ಕಟ್ಟುವುದು, ಮಯಲಿನ್ ಸುತ್ತುವುದು, ಎರಡನೆಯ ಸಾಲಿನಲ್ಲಿ ಹೇಳಿದ ಈ ಎಲ್ಲ ಹಂತಗಳಿಗೂ ಅದೇ ಅಪ್ಪಣೆ ಬೇಕು.

'ತಾಯಿಯ ಕೊರಳಿನಿಂದ' ಎಂದದ್ದೇಕೆ? ಕೂಸಿನ ಥೈರಾಯ್ಡ್ ತಾನೇ ಸಾಕಷ್ಟು ಹಾರ್ಮೋನು ಮಾಡಲು ಬಸುರಿನ 16ರಿಂದ 20 ವಾರ ಆಗಬೇಕು. ಆದರೆ ತೊಗಟೆಯ ನರಕೋಶಗಳು ಹುಟ್ಟುವುದೂ ವಲಸೆ ಹೊರಡುವುದೂ ಅದಕ್ಕೂ ಮೊದಲೇ ಶುರುವಾಗಿರುತ್ತದೆ. ಆ ವಾರಗಳ ಹಾರ್ಮೋನೆಲ್ಲ ತಾಯಿಯದು. ಅನೇಕ ಹೆಂಗಸರಿಗೆ ತಾವು ಬಸುರಿ ಎಂದು ಖಚಿತವಾಗುವ ಹೊತ್ತಿಗೇ ಅದರಲ್ಲಿ ಒಂದಷ್ಟು ಕಾಲ ಕಳೆದಿರುತ್ತದೆ. ಹಾಗಾಗಿ ಅಯೋಡಿನ್ ಬಸುರಿಗಷ್ಟೇ ಸಾಲದು, ಮದುವೆಯ ವಯಸ್ಸಿನ ಹುಡುಗಿಯರ ಊಟದಲ್ಲೇ ಇರಬೇಕು. ನನ್ನ ಮಟ್ಟಿಗೆ ಈ ಏಳು ಸಾಲಿನಲ್ಲಿ ಮನೆಮನೆಗೂ ಮುಟ್ಟಬೇಕಾದ ಮಾತು ಇದೇ.

೫. ಮಳೆ ತೊಳೆದ ಮಣ್ಣಿನಲ್ಲಿ ಆ ಅಪ್ಪಣೆ ಸೋಲುತ್ತದೆ.

ಅಯೋಡಿನ್ ನೀರಿನಲ್ಲಿ ಕರಗುವ ಲವಣವಾಗಿ ಮಣ್ಣಿನ ಮೇಲ್ಪದರದಲ್ಲಿರುತ್ತದೆ. ಇಳಿಜಾರಿನ ಮೇಲೆ ಶತಮಾನಗಳಿಂದ ಜಡಿಮಳೆ ಸುರಿಯುವಲ್ಲಿ ಅದು ಕೊಚ್ಚಿಕೊಂಡು ತುಂಗೆ, ಭದ್ರೆ, ಹೇಮಾವತಿಗಳ ಜೊತೆ ಕೆಳಗೆ ಹೋಗುತ್ತದೆ. ಅಂಥ ಮಣ್ಣಿನಲ್ಲಿ ಬೆಳೆದ ಭತ್ತ, ತರಕಾರಿ, ಅಲ್ಲಿ ಮೇಯ್ದ ದನದ ಹಾಲು, ಅಲ್ಲಿಯ ಬಾವಿಯ ನೀರು ಎಲ್ಲದರಲ್ಲೂ ಅಯೋಡಿನ್ ಕಡಿಮೆ. ಹಿಮಾಲಯದ ತಪ್ಪಲಿಗೆ ಆದದ್ದೇ ಪಶ್ಚಿಮಘಟ್ಟದ ಮೇಲೂ ಆಗಿದೆ.

ಕಡಲು ಘಟ್ಟದ ಕೆಳಗೇ ಇದೆಯಲ್ಲ, ಅಲ್ಲಿಂದ ಹತ್ತಿ ಬಂದ ಉಪ್ಪನ್ನೇ ಈ ಊರುಗಳು ತಿಂದವಲ್ಲ ಎಂದು ಕೇಳಬಹುದು. ಕಡಲನೀರನ್ನು ಬಿಸಿಲಿಗೆ ಒಣಗಿಸಿ ಮಾಡಿದ ಹರಳುಪ್ಪಿನಲ್ಲಿ ಅಯೋಡಿನ್ ಉಳಿಯುವುದು ಅತ್ಯಲ್ಪ. ಉಪ್ಪು ಕಡಲಿನದಾದ ಮಾತ್ರಕ್ಕೆ ಅದರಲ್ಲಿ ಅಯೋಡಿನ್ ಇದೆ ಎನ್ನಲಾಗದು, ಅದನ್ನು ಬೇರೆಯಾಗಿ ಸೇರಿಸಲೇಬೇಕು.

ಸೇರಿಸಿದರೆ ಫಲ ಸಿಗುತ್ತದೆಂದು ಲೋಕಕ್ಕೆ ತೋರಿಸಿದವರಲ್ಲಿ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿಯವರ ತಂಡ ಮುಖ್ಯ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟ ಊರುಗಳಲ್ಲಿ ಗಳಗಂಡ ಇಳಿಯುತ್ತ ಬಂತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಅಲ್ಲಿಂದ ಮೂರು ದಶಕ ಅದರ ಹೆಸರಿನಲ್ಲಿ ಗಳಗಂಡವೇ ಇತ್ತು. ಗಂಟಿಗಿಂತ ಮೆದುಳಿಗೆ ಆಗುವ ಹಾನಿ ದೊಡ್ಡದೆಂದು ಮನವರಿಕೆಯಾದ ಮೇಲೆ 1992ರಲ್ಲಿ ಅದು ಅಯೋಡಿನ್ ಕೊರತೆಯ ತೊಂದರೆಗಳ ನಿಯಂತ್ರಣ ಕಾರ್ಯಕ್ರಮವಾಯಿತು. ಅಯೋಡಿನ್ ಇಲ್ಲದ ಉಪ್ಪನ್ನು ನೇರ ತಿನ್ನಲು ಮಾರುವುದಕ್ಕೆ 2006ರ ಮೇ ತಿಂಗಳಿನಿಂದ ದೇಶದೆಲ್ಲೆಡೆ ನಿಷೇಧವಿದೆ.

ಮಣ್ಣಿನ ಜೊತೆ ಊಟದ ಮಾತೂ ಬರುತ್ತದೆ. ಮಲೆನಾಡಿನ ಮಳೆಗಾಲದ ರುಚಿ ಕಳಲೆ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ಪದಾರ್ಥವಿದೆ. ದೇಹ ಅದನ್ನು ಥಯೋಸಯನೇಟ್ ಮಾಡಿಕೊಳ್ಳುತ್ತದೆ, ಅದು ಥೈರಾಯ್ಡ್ ಅಯೋಡಿನ್ ಹೀರುವುದನ್ನು ತಡೆಯುತ್ತದೆ. ಕಳಲೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕಿ, ಆಮೇಲೆ ಬೇಯಿಸುವ ನಮ್ಮ ಅಜ್ಜಿಯಂದಿರ ಪದ್ಧತಿ ಆ ವಿಷದ ಬಹುಭಾಗವನ್ನು ತೊಳೆದುಬಿಡುತ್ತದೆ. ಈ ಪದ್ಧತಿಯನ್ನು ಅವಸರಕ್ಕೆ ಬಿಡಬಾರದು. ಅಯೋಡಿನ್ ಸಾಕಷ್ಟಿರುವ ಮನೆಯಲ್ಲಿ ಹೀಗೆ ಮಾಡಿದ ಕಳಲೆಗೆ ಹೆದರಬೇಕಾಗಿಲ್ಲ.

೬. ತಡವಾಗಿ ಬಂದದ್ದು ಬಾರದ್ದಕ್ಕೆ ಸಮ, ಎಲ್ಲದರಲ್ಲೂ ಅಲ್ಲ.

ಕಾಫಿ ಬೆಳೆಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಫೆಬ್ರವರಿ ಮಾರ್ಚಿನಲ್ಲಿ ಹೂಮಳೆ ಬಾರದಿದ್ದರೆ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಇಟ್ಟಾದರೂ ನೀರು ಹಾಯಿಸುತ್ತಾರೆ. ಆ ಹೊತ್ತು ತಪ್ಪಿದ ಮೇಲೆ ಜೂನಿನಲ್ಲಿ ಎಷ್ಟು ಜಡಿದರೂ ಹೋದ ಫಸಲು ಬರುವುದಿಲ್ಲ. ಮೆದುಳಿನ ಪ್ರೋಟೀನುಗಳಿಗೂ ಹೀಗೆಯೇ ಒಂದೊಂದು ಹೊತ್ತಿದೆ.

ಚೀನಾದ ಷಿಂಜಿಯಾಂಗ್‌ನಲ್ಲಿ, ಅಯೋಡಿನ್ ಕೊರತೆ ತೀವ್ರವಾಗಿದ್ದ ಸೀಮೆಯಲ್ಲಿ ನಡೆದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಬಸುರಿನ ಮೊದಲ ಆರು ತಿಂಗಳೊಳಗೆ ಅಯೋಡಿನ್ ಸಿಕ್ಕ ತಾಯಂದಿರ ಮಕ್ಕಳಲ್ಲಿ ನರದ ತೊಂದರೆ ಸ್ಪಷ್ಟವಾಗಿ ಕಡಿಮೆಯಾಗಿತ್ತು. ಕೊನೆಯ ಮೂರು ತಿಂಗಳಲ್ಲಿ ಅಥವಾ ಹುಟ್ಟಿದ ಮೇಲೆ ಕೊಟ್ಟಾಗ ತಲೆಯ ಬೆಳವಣಿಗೆ ಸ್ವಲ್ಪ ಸುಧಾರಿಸಿದರೂ ನರದ ಸ್ಥಿತಿ ಸುಧಾರಿಸಲಿಲ್ಲ. ವಲಸೆಯ ಕಾಲದ ಪ್ರೋಟೀನುಗಳು ಆಗಲೇ ಇಳಿದು ಹೋಗಿದ್ದವು. ತಪ್ಪಾದ ಪದರದಲ್ಲಿ ನಿಂತ ಕೋಶವನ್ನು ಮತ್ತೆ ಹೊರಡಿಸುವ ಹಾರ್ಮೋನು ಇಲ್ಲ.

'ಎಲ್ಲದರಲ್ಲೂ ಅಲ್ಲ' ಎಂದದ್ದನ್ನು ಮರೆಯಬಾರದು, ಅದು ತಂದೆತಾಯಿಗಳಿಗೆ ಹೇಳಿದ ಮಾತು. ತಾಯಿಗೆ ಅಯೋಡಿನ್ ಸರಿಯಾಗಿದ್ದು, ಕೂಸಿನ ಥೈರಾಯ್ಡೇ ಕೆಲಸ ಮಾಡದೆ ಹುಟ್ಟುವುದುಂಟು. ನಮ್ಮ ದೇಶದಲ್ಲಿ ಇದು ಸುಮಾರು ಸಾವಿರ ಹೆರಿಗೆಗೆ ಒಂದು. ಹೊಟ್ಟೆಯಲ್ಲಿದ್ದಷ್ಟು ದಿನ ತಾಯಿಯ ಹಾರ್ಮೋನು ಬಹುಮಟ್ಟಿಗೆ ಕಾಯುತ್ತದೆ. ಹುಟ್ಟಿದ ಮೂರನೆಯ ದಿನದ ಆಸುಪಾಸಿನಲ್ಲಿ ಹಿಮ್ಮಡಿಗೆ ಚುಚ್ಚಿ ತೆಗೆದ ಒಂದು ಹನಿ ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡನ್ನು ದುಡಿಸುವ ಹಾರ್ಮೋನು) ನೋಡಿದರೆ ಇದು ಗೊತ್ತಾಗುತ್ತದೆ. ಎರಡು ವಾರದೊಳಗೆ ಥೈರಾಯ್ಡ್ ಹಾರ್ಮೋನಿನ ಗುಳಿಗೆ ಶುರುಮಾಡಿದ ಮಕ್ಕಳು ಸಾಮಾನ್ಯವಾಗಿ ಉಳಿದ ಮಕ್ಕಳಂತೆಯೇ ಓದಿ ಬೆಳೆಯುತ್ತಾರೆ, ಏಕೆಂದರೆ ಎಂಬಿಪಿಯ, ಸಂಧಿಗಳ, ಕಿರುಮೆದುಳಿನ ಹೊತ್ತು ಆಗ ಇನ್ನೂ ಮುಂದಿದೆ. ತಿಂಗಳುಗಟ್ಟಲೆ ತಡವಾದರೆ ಆ ಹೊತ್ತೂ ಜಾರುತ್ತದೆ. ಹೆರಿಗೆ ಮೂಡಿಗೆರೆಯಲ್ಲಾಗಲಿ, ಕಳಸದಲ್ಲಾಗಲಿ, ಚಿಕ್ಕಮಗಳೂರಿನಲ್ಲಾಗಲಿ, ಮನೆಗೆ ಹೊರಡುವ ಮುನ್ನ ಈ ಒಂದು ಪರೀಕ್ಷೆಯನ್ನು ಬಾಯಿಬಿಟ್ಟು ಕೇಳಬೇಕು.

೭. ಉಪ್ಪು ಮನೆ ಸೇರಿದರೆ ಸಾಲದು. ಗುಳಿಗೆ ಕೈ ಸೇರಿದರೂ ಸಾಲದು.

ನಿಯಮದಂತೆ ಮನೆ ಸೇರಿದ ಉಪ್ಪಿನಲ್ಲಿ ಹತ್ತು ಲಕ್ಷಕ್ಕೆ 15 ಭಾಗಕ್ಕಿಂತ ಕಡಿಮೆ ಅಯೋಡಿನ್ ಇರಬಾರದು, ಕಾರ್ಖಾನೆ ಬಿಡುವಾಗ ಅದಕ್ಕಿಂತ ಹೆಚ್ಚಿರಬೇಕು. ಅಂದರೆ ಮನೆಯ ಒಂದು ಗ್ರಾಂ ಉಪ್ಪಿನಲ್ಲಿ 15 ಮೈಕ್ರೋಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ, ಬಸುರಿಗೆ 250. ನಡುವಿನ ನಷ್ಟಕ್ಕೆ ತೇವವೂ ಬಿಸಿಯೂ ಕಾರಣ. ಅದಕ್ಕೆಂದೇ ನಮ್ಮ ದೇಶದಲ್ಲಿ ಬೇಗ ಹಾರಿಹೋಗುವ ಅಯೊಡೈಡ್ ಬಿಟ್ಟು, ತಾಳಿಕೆ ಹೆಚ್ಚಿರುವ ಪೊಟ್ಯಾಶಿಯಮ್ ಅಯೊಡೇಟ್ ಬೆರೆಸುತ್ತಾರೆ. ಆದರೂ ಆಷಾಢದಲ್ಲಿ ಉಪ್ಪು ನೀರೊಡೆಯುವ ಮನೆಗಳಲ್ಲಿ, ಒಲೆಯ ಪಕ್ಕ ಮುಚ್ಚಳವಿಲ್ಲದೆ ಇಟ್ಟ ಪಾತ್ರೆಯಲ್ಲಿ ಅದು ತಗ್ಗುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ, ಒಂದೇ ಕೋಣೆಯಲ್ಲಿ ಒಲೆ, ಹಾಸಿಗೆ, ಉಪ್ಪು ಎಲ್ಲ ಇರುವಲ್ಲಿ ಗಾಳಿಯಾಡದ ಒಂದು ಡಬ್ಬಿ ಕೊಡುವುದು ತೋಟದ ಮಾಲೀಕರಿಗೆ ದೊಡ್ಡ ಖರ್ಚಲ್ಲ. ಉಪ್ಪಿನ ಮೇಲೆ ಪರೀಕ್ಷಾ ದ್ರಾವಣದ ಹನಿ ಹಾಕಿದರೆ ಅಯೋಡಿನ್ ಇದ್ದಲ್ಲಿ ನೀಲಿ ಬಣ್ಣ ಏಳುತ್ತದೆ, ಆಶಾ ಕಾರ್ಯಕರ್ತೆಯರು ಮಾಡುವ ಈ ಪರೀಕ್ಷೆ ನಿಮಿಷದೊಳಗಿನ ಕೆಲಸ.

ಹಾಗಾದರೆ ಬಸುರಿಯರು ಕಾಫಿ ಕುಡಿಯಬಹುದೇ? ಕಾಫಿಯ ಸೀಮೆಯಲ್ಲಿ ಈ ಪ್ರಶ್ನೆ ಬಾರದಿರದು. ಕೆಫೀನ್ ತಾಯಿಯಿಂದ ಕೂಸಿಗೆ ದಾಟುತ್ತದೆ. ಅದನ್ನು ಒಡೆಯುವ ಯಕೃತ್ತಿನ ಪ್ರೋಟೀನು ಸಿವೈಪಿ1ಎ2 ಹಸುಗೂಸಿನಲ್ಲಿ ತೀರ ಕಡಿಮೆ, ತಿಂಗಳುಗಳು ಕಳೆದ ಮೇಲೆ ಏರುತ್ತದೆ. ದೊಡ್ಡವರಲ್ಲಿ ಸುಮಾರು ಐದು ಗಂಟೆಗೆ ಅರ್ಧವಾಗುವ ಕೆಫೀನ್, ದಿನ ತುಂಬದ ಕೂಸಿನಲ್ಲಿ ಅರ್ಧವಾಗಲು ದಿನಗಳೇ ಬೇಕು. ದಿನಕ್ಕೆ 300 ಮಿಲಿಗ್ರಾಮಿಗಿಂತ ಹೆಚ್ಚು ಕೆಫೀನ್ ಸೇವಿಸುವ ಬಸುರಿಯರು ಅದನ್ನು ತಗ್ಗಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದೇ ಕೆಫೀನ್ ಉಸಿರು ಮರೆತುಬಿಡುವ, ದಿನ ತುಂಬದ ಕೂಸುಗಳಿಗೆ ಔಷಧಿಯೂ ಹೌದು. 1250 ಗ್ರಾಮಿನೊಳಗೆ ಹುಟ್ಟಿದ ಎರಡು ಸಾವಿರ ಕೂಸುಗಳ ಮೇಲೆ ನಡೆದ ಅಂತಾರಾಷ್ಟ್ರೀಯ ಪರೀಕ್ಷೆಯ ಫಲ 2006 ಮತ್ತು 2007ರಲ್ಲಿ ಪ್ರಕಟವಾಯಿತು. ಕೆಫೀನ್ ಸಿಕ್ಕ ಮಕ್ಕಳಲ್ಲಿ ಶ್ವಾಸಕೋಶದ ತೊಂದರೆಯೂ, ಒಂದೂವರೆ ವರ್ಷ ದಾಟಿದಾಗ ಸೆರೆಬ್ರಲ್ ಪಾಲ್ಸಿಯೂ ಕಡಿಮೆಯಾಗಿದ್ದವು.

ಗುಳಿಗೆಯ ಮಾತು ಉಳಿಯಿತು. ಥೈರಾಯ್ಡ್ ಕಡಿಮೆ ಇರುವ ಬಸುರಿಗೆ ಕೊಡುವುದು ಲೆವೊಥೈರಾಕ್ಸಿನ್, ಅಂದರೆ ಟಿ4. ಬೆಳಿಗ್ಗೆ ಎದ್ದೊಡನೆ ಕಾಫಿಯ ಜೊತೆ ಅದನ್ನು ನುಂಗಿದರೆ ಕರುಳು ಹೀರುವ ಪ್ರಮಾಣ ತಗ್ಗುತ್ತದೆ, ಇದು ಅಳೆದು ಕಂಡ ಸಂಗತಿ. ರಕ್ತಹೀನತೆಗೆ ಕೊಡುವ ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆಗಳೂ ಅದನ್ನು ಹಿಡಿದಿಡುತ್ತವೆ, ಬಸುರಿಯರಿಗೆ ಮೂರನ್ನೂ ಒಟ್ಟಿಗೆ ಬರೆದುಕೊಡುವುದೇ ಹೆಚ್ಚು. ಥೈರಾಯ್ಡ್ ಗುಳಿಗೆಯನ್ನು ಬರಿ ಹೊಟ್ಟೆಯಲ್ಲಿ ಬರಿ ನೀರಿನ ಜೊತೆ ನುಂಗಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾದು, ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳನ್ನು ನಾಲ್ಕು ಗಂಟೆ ದೂರ ಇಡಬೇಕು. ಬಸುರಿನಲ್ಲಿ ಹಾರ್ಮೋನಿನ ಅಗತ್ಯವೇ ಹೆಚ್ಚುವುದರಿಂದ ಹಳೆಯ ಪ್ರಮಾಣ ಸಾಲದೆ ಹೋಗಬಹುದು. ಮೊದಲ ತಿಂಗಳು ಮುಟ್ಟು ನಿಂತಾಗಲೇ ವೈದ್ಯರ ಬಳಿ ಹೋಗಿ ಟಿಎಸ್‌ಎಚ್ ನೋಡಿಸಿಕೊಳ್ಳಬೇಕು.